ಟ್ರಯಲ್ಸ್ ಬೈಕ್ ತೊಂದರೆ ಕೊಟ್ಟಾಗ ಎಲ್ಲಿಂದ ಹುಡುಕಬೇಕು: ಕರಾವಳಿ ಸವಾರರಿಗೆ ದೋಷ ನಿವಾರಣೆ ಕೈಪಿಡಿ

ಟ್ರಯಲ್ಸ್ ಎಂದರೆ ಕಾಲು ನೆಲಕ್ಕೆ ತಾಗಿಸದೆ ಕಲ್ಲು, ದಿಬ್ಬ ಹತ್ತಿ ಇಳಿಯುವ ಬೈಕ್ ಆಟ. ಅದರ ಬೈಕಿಗೆ ಸೀಟಿಲ್ಲ. ತೂಕ 65ರಿಂದ 75 ಕಿಲೋ, ಟ್ಯಾಂಕಿನಲ್ಲಿ ಹಿಡಿಯುವುದು ಎರಡೂವರೆ ಲೀಟರಿನ ಆಸುಪಾಸು. ವೇಗಕ್ಕೆ ಇಲ್ಲಿ ಬೆಲೆಯಿಲ್ಲ. ಸೆಕ್ಷನ್ (ಗಡಿ ಗುರುತು ಮಾಡಿದ ಸ್ಪರ್ಧೆಯ ತುಂಡು ದಾರಿ) ಒಳಗೆ ಒಮ್ಮೆ ಕಾಲೂರಿದರೆ 1 ಅಂಕ ದಂಡ, ಎರಡು ಸಲಕ್ಕೆ 2, ಅದಕ್ಕೂ ಹೆಚ್ಚಾದರೆ 3, ಬಿದ್ದರೆ ಇಲ್ಲವೇ ಗಡಿ ದಾಟಿದರೆ 5. ಹೀಗಾಗಿ ರಸ್ತೆ ಬೈಕಿನಲ್ಲಿ ಯಾರ ಗಮನಕ್ಕೂ ಬಾರದ ಸಣ್ಣ ದೋಷ ಇಲ್ಲಿ ನೇರವಾಗಿ ಅಂಕಪಟ್ಟಿಗೆ ಬರುತ್ತದೆ. ಕ್ಲಚ್ ಒತ್ತಿದಾಗಲೂ ಗಾಡಿ ಸ್ವಲ್ಪ ಮುಂದೆ ಎಳೆದರೂ ಸಾಕು, ಟೈರಿನಲ್ಲಿ ಒಂದು ಪಿಎಸ್‌ಐ ಗಾಳಿ ಹೆಚ್ಚಿದ್ದರೂ ಸಾಕು, ಕಾಲು ನೆಲಕ್ಕೆ ಬರುತ್ತದೆ. ಅನೇಕರು ಅದನ್ನು ತಮ್ಮ ಸವಾರಿಯ ತಪ್ಪೆಂದು ತಿಳಿದು ತಿಂಗಳುಗಟ್ಟಲೆ ಅದೇ ಕಲ್ಲನ್ನು ಹತ್ತಲು ಹೆಣಗುತ್ತಾರೆ.

ಮಂಗಳೂರು, ಉಡುಪಿ ಕಡೆ ಈ ಗಾಡಿಗಳು ಕೆಡುವುದಕ್ಕೆ ಮೂರು ದೊಡ್ಡ ಕಾರಣಗಳಿವೆ: ಮಳೆನೀರು, ಮುರಕಲ್ಲಿನ ಕೆಂಪು ಮಣ್ಣು, ಸಮುದ್ರದ ಉಪ್ಪುಗಾಳಿ. ಎಂಜಿನ್ ಬಿಚ್ಚುವ ಯೋಚನೆ ಬಂದಾಗಲೆಲ್ಲ ಇವು ಮೂರರಲ್ಲಿ ಯಾವುದು ಎಲ್ಲಿ ಹೊಕ್ಕಿದೆ ಎಂದು ಮೊದಲು ನೋಡಿ. ಹೆಚ್ಚಿನ ಸಲ ಕೆಲಸ ಅಲ್ಲೇ ಮುಗಿಯುತ್ತದೆ.

ಕೈಗೆ ಬೇಕಾದ ಸಾಮಾನು ಕಡಿಮೆ. 0ರಿಂದ 15 ಪಿಎಸ್‌ಐ ತೋರಿಸುವ ಗೇಜ್, ಟಿ ಹಿಡಿಯ ಅಲೆನ್ ಕೀಗಳು, 8, 10, 13ರ ಸ್ಪ್ಯಾನರ್, ಪ್ಲಗ್ ಸ್ಪ್ಯಾನರ್ ಮತ್ತು ಒಂದು ಹೊಸ ಪ್ಲಗ್, ಸಾದಾ ಮಲ್ಟಿಮೀಟರ್, ಮೆಡಿಕಲ್ ಅಂಗಡಿಯ ದೊಡ್ಡ ಸಿರಿಂಜ್, ಹಳೆಯ ಹಲ್ಲುಜ್ಜುವ ಬ್ರಷ್, ಸೋಪುನೀರು.

ಯಾವ ಕೆಲಸಕ್ಕೂ ಮೊದಲು

ಥ್ರಾಟಲ್ ಪೂರ್ತಿ ತಿರುಗಿಸಿ ಬಿಟ್ಟರೆ ಅದು ತಾನಾಗಿ ಟಪ್ ಎಂದು ಹಿಂದಕ್ಕೆ ಬರಬೇಕು. ಹ್ಯಾಂಡಲನ್ನು ಎಡತುದಿಗೂ ಬಲತುದಿಗೂ ತಿರುಗಿಸಿ ಎರಡು ಕಡೆಯೂ ಇದನ್ನೇ ಪರೀಕ್ಷಿಸಿ. ಎಂಜಿನ್ ಐಡ್ಲಿಂಗ್‌ನಲ್ಲಿದ್ದಾಗ ಹ್ಯಾಂಡಲ್ ತಿರುಗಿಸಿದರೆ ಸದ್ದು ಏರಬಾರದು. ಏರಿದರೆ ಕೇಬಲ್ ಎಲ್ಲೋ ಬಿಗಿದಿದೆ. ಕೆಸರಲ್ಲಿ ಬಿದ್ದೆದ್ದ ಮೇಲೆ ಗ್ರಿಪ್ಪಿನ ಒಳತುದಿಯಲ್ಲಿ ಮಣ್ಣು ಸೇರಿ ಥ್ರಾಟಲ್ ಸಿಕ್ಕಿಕೊಳ್ಳುವುದು ಸಾಮಾನ್ಯ. 70 ಕಿಲೋ ಗಾಡಿಯಲ್ಲಿ 250 ಸಿಸಿ ಎಂಜಿನ್ ಇರುವಾಗ ಇದು ಕೈಕಾಲು ಮುರಿಯುವ ದೋಷ. ಸರಿಯಾಗುವ ತನಕ ಸ್ಟಾರ್ಟ್ ಮಾಡಬೇಡಿ.

ಬಿದ್ದಾಗ ಮ್ಯಾಗ್ನೆಟ್ ಕಳಚಿ ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ಚಿನ, ಮಣಿಕಟ್ಟಿಗೆ ಕಟ್ಟುವ ದಾರ ಅಂಗಳದಲ್ಲಿ ಒಂದು ಸುತ್ತು ಹೊಡೆದು ನೋಡುವಾಗಲೂ ಕೈಯಲ್ಲಿರಬೇಕು. ಹಿಂದಿನ ಸ್ಪ್ರಾಕೆಟ್ಟಿನ ಕವಚ ತೆಗೆದು ಓಡಿಸಬೇಡಿ. ಎಂಜಿನ್ ಓಡುತ್ತಿರುವಾಗ ಗೇರಿನಲ್ಲಿಟ್ಟು ಚೈನ್ ಒರೆಸುವ ಅಭ್ಯಾಸವಿದ್ದರೆ ಇವತ್ತೇ ಬಿಡಿ. ಬೆರಳು ಹೋಗುವುದು ಹಾಗೆಯೇ.

ಹಿಂದಿನ ಟೈರ್ ಕಲ್ಲು ಹಿಡಿಯುವುದಿಲ್ಲ, ಜಾರುತ್ತದೆ

ಇದು ಬಹಳ ಜನ ಹೇಳುವ ದೂರು, ಸರಿಮಾಡಲು ಖರ್ಚೇ ಇಲ್ಲದ ದೋಷವೂ ಹೌದು. ಮೊದಲು ಗಾಳಿ ಅಳೆಯಿರಿ. ಹಿಂದಿನ ಟೈರಿಗೆ 4ರಿಂದ 5 ಪಿಎಸ್‌ಐ, ಮುಂದಿನದಕ್ಕೆ 5.5ರಿಂದ 6.5. ಪಂಚರ್ ಅಂಗಡಿಯ ಗೇಜಿನಲ್ಲಿ ಇಷ್ಟು ಕಡಿಮೆ ಗಾಳಿ ಸರಿಯಾಗಿ ಕಾಣುವುದಿಲ್ಲ. ಅಲ್ಲಿ 5 ಎಂದು ತೋರಿಸಿದ್ದು ನಿಜಕ್ಕೆ 3 ಇರಬಹುದು, 8 ಇರಬಹುದು.

ಗಾಳಿ ಅಳೆಯುವ ಹೊತ್ತೂ ಮುಖ್ಯ. ಬೆಳಗ್ಗೆ 25 ಡಿಗ್ರಿಯಲ್ಲಿ ಮನೆಯಲ್ಲಿ 4.5 ಹಾಕಿ ಹೊರಟಿದ್ದೀರಿ ಎಂದಿಟ್ಟುಕೊಳ್ಳಿ. ಹನ್ನೊಂದು ಗಂಟೆಗೆ ಪಾದೆಕಲ್ಲಿನ ಮೇಲೆ ಬಿಸಿಲಲ್ಲಿ ನಿಂತ ಟೈರಿನ ಒಳಗೆ 45 ಡಿಗ್ರಿ ಆದರೆ ಅದೇ ಗಾಳಿ 5.8ಕ್ಕೆ ಏರಿರುತ್ತದೆ. ಬೆಳಗ್ಗೆ ಹತ್ತಿದ ಕಲ್ಲು ಮಧ್ಯಾಹ್ನ ಹತ್ತಲಾಗದ್ದಕ್ಕೆ ಎಷ್ಟೋ ಸಲ ಕಾರಣ ಇದು. ಸೆಕ್ಷನ್ ಪಕ್ಕದಲ್ಲೇ, ಗಾಡಿಯನ್ನು ನೆರಳಲ್ಲಿ ನಿಲ್ಲಿಸಿ, ಮತ್ತೊಮ್ಮೆ ಅಳೆಯಿರಿ.

ಗಾಳಿ ಸರಿಯಿದ್ದೂ ಜಾರುತ್ತಿದ್ದರೆ ಟೈರಿನ ಕಟ್ಟೆಗಳನ್ನು ಬೆರಳಲ್ಲಿ ಸವರಿ. ಹೊಸ ಟೈರಿನ ಕಟ್ಟೆಗಳ ಮುಂದಿನ ಅಂಚು ಚೂಪಾಗಿ ಬೆರಳಿಗೆ ತಾಗುತ್ತದೆ. ಅದು ಉರುಟಾಗಿ, ಹಿಂದಿನ ಅಂಚು ಮಾತ್ರ ಚೂಪಾಗಿ ಉಳಿದಿದ್ದರೆ ಟೈರನ್ನು ಬಿಚ್ಚಿ ತಿರುಗಿಸಿ ಹಾಕಬಹುದು. ಕ್ಲಬ್ ಸವಾರನಿಗೆ ಅದರಿಂದ ಇನ್ನೂ ಕೆಲವು ತಿಂಗಳು ಸಿಗುತ್ತದೆ. ಉಗುರು ಒತ್ತಿದಾಗ ರಬ್ಬರ್ ಒತ್ತಿಕೊಳ್ಳದೆ ಕಲ್ಲಿನಂತಿದ್ದರೆ ತಿರುಗಿಸಿಯೂ ಲಾಭವಿಲ್ಲ, ಹೊಸದೇ ಬೇಕು. ಬಿಸಿಲಿಗೆ ಬಿದ್ದ ಟೈರ್ ಸವೆಯದೆಯೂ ಸಾಯುತ್ತದೆ. ಗಾಡಿಯನ್ನು ಶೀಟಿನ ಕೆಳಗೆ ಇಡುವವರು ಹಿಂದಿನ ಚಕ್ರಕ್ಕೆ ಒಂದು ಗೋಣಿಯನ್ನಾದರೂ ಮುಚ್ಚಿ.

ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಮುರಕಲ್ಲಿನ ಮೇಲೆ ಹಸಿರು ಪಾಚಿ ಕಟ್ಟಿರುವಾಗ ಯಾವ ಟೈರೂ ಹಿಡಿಯುವುದಿಲ್ಲ. ಆಗ ಗಾಳಿಯನ್ನು 3ಕ್ಕೆ ಇಳಿಸಿದರೆ ರಿಮ್ ಕಲ್ಲಿಗೆ ಬಡಿದು ತಗ್ಗಾಗುವುದೊಂದೇ ಫಲ.

ಹಿಂದಿನ ಟೈರಿನ ಗಾಳಿ ರಾತ್ರಿಯಿಡೀ ನಿಲ್ಲದಿದ್ದರೆ ಸೋಪುನೀರು ಹಚ್ಚಿ ಗುಳ್ಳೆ ಎಲ್ಲಿ ಬರುತ್ತದೆ ನೋಡಿ. ಹಿಂದಿನದು ಹೆಚ್ಚಾಗಿ ಟ್ಯೂಬ್‌ಲೆಸ್. ವಾಲ್ವಿನಲ್ಲಿ ಗುಳ್ಳೆ ಬಂದರೆ ವಾಲ್ವಿನ ಪಿನ್ ಬದಲಿಸಿ. ಟೈರ್ ಮತ್ತು ರಿಮ್ ಸೇರುವಲ್ಲಿ ಬಂದರೆ ಗಾಳಿ ತೆಗೆದು, ಟೈರಿನ ಅಂಚನ್ನು ಒಳಕ್ಕೆ ಒತ್ತಿ, ಅಲ್ಲಿ ಸೇರಿದ ಕೆಂಪು ಮಣ್ಣನ್ನು ಬ್ರಷ್ಷಿನಿಂದ ತೊಳೆದು, ಸೋಪುನೀರು ಹಚ್ಚಿ ಕಂಪ್ರೆಸರ್‌ನಿಂದ ಕೂರಿಸಿ. ಕೂರಿಸುವಾಗ ಟೈರಿನ ಪಕ್ಕದಲ್ಲಿ ಬರೆದ ಮಿತಿಯನ್ನು ಮೀರಬೇಡಿ, ಬೆರಳನ್ನು ದೂರ ಇಡಿ. ಕಡ್ಡಿಗಳ ಬುಡದಲ್ಲಿ ಗುಳ್ಳೆ ಬಂದರೆ ರಿಮ್ಮಿನ ಒಳಗಿನ ರಬ್ಬರ್ ಪಟ್ಟಿ ಹೋಗಿದೆ ಎಂದರ್ಥ. ಅದನ್ನು ಬದಲಿಸಬೇಕು, ತೇಪೆ ನಿಲ್ಲುವುದಿಲ್ಲ.

ಎಷ್ಟು ಕಿಕ್ ಹೊಡೆದರೂ ಸ್ಟಾರ್ಟ್ ಆಗುವುದಿಲ್ಲ

ಪೆಟ್ರೋಲ್ ಟ್ಯಾಂಕಿನ ನಲ್ಲಿ ತೆರೆದಿದೆಯೇ, ಕಿಲ್ ಸ್ವಿಚ್ಚಿನ ಮ್ಯಾಗ್ನೆಟ್ ಸರಿಯಾಗಿ ಕೂತಿದೆಯೇ, ಟ್ಯಾಂಕ್ ಮುಚ್ಚಳದ ಗಾಳಿ ಪೈಪು ಮಣ್ಣಿನಿಂದ ಮುಚ್ಚಿದೆಯೇ, ಈ ಮೂರನ್ನು ನೋಡಿ. ತಣ್ಣಗಿನ ಎಂಜಿನ್ನಿಗೆ ಚೋಕ್ ಎಳೆದು, ಥ್ರಾಟಲ್ ಮುಟ್ಟದೆ, ಕಿಕ್ಕನ್ನು ಮೇಲಿನಿಂದ ಕೆಳಗಿನವರೆಗೆ ಪೂರ್ತಿ ತುಳಿಯಬೇಕು. ಅರ್ಧ ತುಳಿದರೆ ಕಿಕ್ಕಿನ ಗೇರ್ ಹಲ್ಲು ಸವೆಯುತ್ತದೆ.

ಹತ್ತು ಕಿಕ್ಕಿಗೂ ಆಗಲಿಲ್ಲವೆಂದರೆ ಪ್ಲಗ್ ಬಿಚ್ಚಿ.

ಪ್ಲಗ್ ಒದ್ದೆಯಾಗಿದ್ದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಇಲ್ಲ ಅಥವಾ ಪೆಟ್ರೋಲ್ ಮಿತಿಮೀರಿ ಬಂದಿದೆ. ನಲ್ಲಿ ಮುಚ್ಚಿ, ಥ್ರಾಟಲ್ ಪೂರ್ತಿ ತೆರೆದು, ಪ್ಲಗ್ ಇಲ್ಲದೆ ಎಂಟು ಹತ್ತು ಕಿಕ್ ಹೊಡೆದು ಸಿಲಿಂಡರನ್ನು ಒಣಗಿಸಿ. ಹೀಗೆ ಮಾಡುವಾಗ ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ ಅದರ ಲೋಹದ ಮೈಯನ್ನು ಎಂಜಿನ್ನಿಗೆ ತಾಗಿಸಿಡಿ, ಪ್ಲಗ್ ತೂತಿನಿಂದ ದೂರದಲ್ಲಿ. ತೂತಿನಿಂದ ಪೆಟ್ರೋಲ್ ಹಬೆ ಹಾರುತ್ತಿರುತ್ತದೆ, ಕಿಡಿ ಪಕ್ಕದಲ್ಲಿದ್ದರೆ ಬೆಂಕಿ ಹತ್ತುತ್ತದೆ. ಪ್ಲಗ್ಗನ್ನು ಗಾಳಿಯಲ್ಲಿ ನೇತಾಡಿಸಿ ಕಿಕ್ ಹೊಡೆದರೆ ಸಿಡಿಐ (ಕಿಡಿ ಹುಟ್ಟಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಕೆಡಬಹುದು.

ಕಿಡಿ ಇಲ್ಲದಿದ್ದರೆ ಹೊಸ ಪ್ಲಗ್ ಹಾಕಿ ನೋಡಿ. ಆಮೇಲೆ ಪ್ಲಗ್ ಕ್ಯಾಪನ್ನು ತಿರುಗಿಸಿ ಬಿಚ್ಚಿ, ತಂತಿಯ ತುದಿ ಹಸಿರುಗಟ್ಟಿದ್ದರೆ 5 ಮಿ.ಮೀ. ಕತ್ತರಿಸಿ ಮತ್ತೆ ಕೂರಿಸಿ. ಮೂರನೆಯದು ಕಿಲ್ ಸ್ವಿಚ್. ಹೆಚ್ಚಿನ ಕಾರ್ಬ್ಯುರೇಟರ್ ಗಾಡಿಗಳಲ್ಲಿ ಮ್ಯಾಗ್ನೆಟ್ ಕಳಚಿದಾಗ ಅದು ಕಿಡಿಯನ್ನು ಅರ್ತ್ ಮಾಡುತ್ತದೆ. ಉಪ್ಪುಗಾಳಿಗೆ ಒಳಗಿನ ಸಂಪರ್ಕ ತುಕ್ಕು ಹಿಡಿದು, ಮ್ಯಾಗ್ನೆಟ್ ಕೂತಿದ್ದರೂ ಅರ್ತ್ ಆಗುತ್ತಲೇ ಇರುತ್ತದೆ. ಪರೀಕ್ಷೆಗಾಗಿ ಮಾತ್ರ ಸ್ವಿಚ್ಚಿನ ಕನೆಕ್ಟರ್ ಬಿಚ್ಚಿ ಕಿಕ್ ಹೊಡೆಯಿರಿ. ಕಿಡಿ ಬಂದರೆ ದೋಷ ಸ್ವಿಚ್ಚಿನಲ್ಲಿದೆ, ಅದನ್ನು ಬದಲಿಸಿ. ಬಿಚ್ಚಿಟ್ಟೇ ಓಡಿಸುವುದು ಬೇಡವೇ ಬೇಡ.

ಇಷ್ಟಾದರೂ ಕಿಡಿ ಬಾರದಿದ್ದರೆ ಫ್ಲೈವೀಲ್ ಕವರ್ ತೆಗೆಯಿರಿ. ತೋಡು (ಸಣ್ಣ ಹಳ್ಳ) ದಾಟಿದ, ಪೈಪಿನಲ್ಲಿ ನೀರು ಬಿಟ್ಟು ತೊಳೆದ ಗಾಡಿಗಳಲ್ಲಿ ಇಲ್ಲಿ ನೀರು ನಿಂತಿರುತ್ತದೆ. ಒರೆಸಿ, ಬಿಸಿಲಲ್ಲಿ ಎರಡು ಗಂಟೆ ತೆರೆದಿಡಿ, ಕೆಳಗಿನ ಸಣ್ಣ ತೂತಿನ ಮಣ್ಣು ಚುಚ್ಚಿ ತೆಗೆಯಿರಿ. ಮಳೆಗಾಲದಲ್ಲಿ ಪ್ರತಿ ಸವಾರಿಯ ನಂತರ ಈ ಕವರನ್ನು ಒಂದು ರಾತ್ರಿ ತೆಗೆದಿಟ್ಟವರ ಸ್ಟೇಟರ್ (ಫ್ಲೈವೀಲ್ ಒಳಗೆ ವಿದ್ಯುತ್ ಹುಟ್ಟಿಸುವ ಕಾಯಿಲುಗಳು) ವರ್ಷಗಟ್ಟಲೆ ಬಾಳುತ್ತದೆ. ಒಣಗಿಸಿದರೂ ಕಿಡಿ ಇಲ್ಲವೆಂದಾದರೆ ಸ್ಟೇಟರ್ ಕಾಯಿಲುಗಳ ಓಮ್ ಅಳತೆಯನ್ನು ನಿಮ್ಮ ಗಾಡಿಯ ಮ್ಯಾನ್ಯುವಲ್‌ಗೆ ಹೋಲಿಸಬೇಕು. ಫ್ಲೈವೀಲ್ ಎಳೆಯಲು ಅದರದ್ದೇ ಪುಲ್ಲರ್ ಬೇಕು. ಸುತ್ತಿಗೆಯಲ್ಲಿ ಹೊಡೆದು ತೆಗೆಯುತ್ತೇನೆ ಎನ್ನುವ ಮೆಕ್ಯಾನಿಕ್ಕಿನ ಕೈಗೆ ಕೊಡಬೇಡಿ.

ಪ್ಲಗ್ ಒಣಗಿದ್ದರೆ ಪೆಟ್ರೋಲ್ ಸಿಲಿಂಡರಿಗೆ ಹೋಗುತ್ತಿಲ್ಲ. ಕಾರ್ಬ್ಯುರೇಟರಿನ ಕೆಳಗಿನ ಬಟ್ಟಲಿನ ಸ್ಕ್ರೂ ಸಡಿಲಿಸಿ, ಬಂದದ್ದನ್ನು ಗಾಜಿನ ಲೋಟಕ್ಕೆ ಹಿಡಿಯಿರಿ. ಏನೂ ಬಾರದಿದ್ದರೆ ನಲ್ಲಿಯ ಜಾಲರಿ ಅಥವಾ ಪೈಪು ಕಟ್ಟಿದೆ. ಬಂದರೆ ಆ ಲೋಟವನ್ನು ಹತ್ತು ನಿಮಿಷ ಅಲುಗಾಡಿಸದೆ ಇಡಿ. ಒಳ್ಳೆಯ ಪೆಟ್ರೋಲ್ ಒಂದೇ ಬಣ್ಣದಲ್ಲಿರುತ್ತದೆ. ಕೆಟ್ಟದ್ದಾದರೆ ತಳದಲ್ಲಿ ಬೇರೆಯಾಗಿ, ಸ್ವಲ್ಪ ಮಬ್ಬಾದ ಒಂದು ಪದರ ನಿಲ್ಲುತ್ತದೆ, ಲೋಟ ವಾಲಿಸಿದರೆ ಆ ಗೆರೆಯೂ ವಾಲುತ್ತದೆ. ಈಗ ಬಂಕಿನಲ್ಲಿ ಸಿಗುವ ಇ20 ಪೆಟ್ರೋಲಿನಲ್ಲಿರುವ ಎಥನಾಲ್ ನಮ್ಮ ಕಡೆಯ ತೇವದ ಗಾಳಿಯಿಂದ ನೀರು ಹೀರುತ್ತದೆ. ನೀರು ಒಂದು ಮಟ್ಟ ಮೀರಿದಾಗ ಎಥನಾಲೂ ನೀರೂ ಸೇರಿ ತಳಕ್ಕೆ ಇಳಿಯುತ್ತವೆ. ಟು-ಸ್ಟ್ರೋಕ್ ಎಂಜಿನ್ನಿಗಾಗಿ ಪೆಟ್ರೋಲಿಗೆ ಬೆರೆಸಿದ 2ಟಿ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ನಲ್ಲಿ ಎಳೆಯುವುದು ತಳದ್ದನ್ನು, ಅದರಲ್ಲಿ ಆಯಿಲಿಲ್ಲ. ಆ ಗಾಡಿ ಹೇಗೋ ಸ್ಟಾರ್ಟ್ ಆಗಿಬಿಟ್ಟರೆ ಪಿಸ್ಟನ್ ಕಚ್ಚಿಕೊಳ್ಳುವ ಅಪಾಯವಿದೆ. ಟ್ಯಾಂಕ್, ಪೈಪು, ಬಟ್ಟಲು ಎಲ್ಲವನ್ನೂ ಖಾಲಿ ಮಾಡಿ ಹೊಸದಾಗಿ ಕಲಸಿ.

ಕಲಸುವ ಲೆಕ್ಕ: ಐದು ಲೀಟರಿಗೆ 60:1 (60 ಪಾಲು ಪೆಟ್ರೋಲಿಗೆ 1 ಪಾಲು ಆಯಿಲ್) ಆದರೆ 83 ಎಂ.ಎಲ್., 80:1 ಆದರೆ 62 ಎಂ.ಎಲ್. ಪೂರ್ತಿ ಸಿಂಥೆಟಿಕ್ ಆಯಿಲ್ ಬಳಸುವ ಹೆಚ್ಚಿನ ಟು-ಸ್ಟ್ರೋಕ್ ಟ್ರಯಲ್ಸ್ ಗಾಡಿಗಳು ಈ ಎರಡರ ನಡುವೆ ಬರುತ್ತವೆ, ಆದರೆ ಮ್ಯಾನ್ಯುವಲ್ ಬೇರೆ ಹೇಳಿದ್ದರೆ ಅದೇ ಅಂತಿಮ. ಹಳೆಯ ರಿಕ್ಷಾಗಳಿಗೆ ಹಾಕುತ್ತಿದ್ದ ಅಗ್ಗದ 2ಟಿ ಆಯಿಲ್ ಇಲ್ಲಿ ಪ್ಲಗ್ ಕಪ್ಪಾಗಿಸುತ್ತದೆ, ಸೈಲೆನ್ಸರಿನಿಂದ ಕರಿ ಜಿಡ್ಡು ಸುರಿಸುತ್ತದೆ. ಆ ದಿನಕ್ಕೆ ಬೇಕಾದಷ್ಟೇ ಕಲಸಿ. ಮನೆಗೆ ಬಂದ ಮೇಲೆ ನಲ್ಲಿ ಮುಚ್ಚಿ ಎಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿದರೆ ಬಟ್ಟಲು ಖಾಲಿಯಾಗುತ್ತದೆ.

ಸ್ಟಾರ್ಟ್ ಆಗುತ್ತದೆ, ಥ್ರಾಟಲ್ ಕೊಟ್ಟೊಡನೆ ಮುಗ್ಗರಿಸುತ್ತದೆ

ಗಾಡಿ ಕಲ್ಲಿನ ಬುಡಕ್ಕೆ ಬಂದು, ಮುಂದಿನ ಚಕ್ರ ಎತ್ತಲು ಥ್ರಾಟಲ್ ಮುಟ್ಟಿದಾಗ "ಬೋ..." ಎಂದು ಉಸಿರು ಕಟ್ಟಿ ಅರೆ ಕ್ಷಣ ತಡೆದರೆ ಮೊದಲು ಏರ್ ಫಿಲ್ಟರ್ ನೋಡಿ. ಕೆಂಪು ಮಣ್ಣಿನ ದೂಳು ಹಿಟ್ಟಿನಷ್ಟು ನುಣುಪು, ಸ್ಪಂಜಿನ ಒಳಪದರಕ್ಕೂ ಇಳಿಯುತ್ತದೆ. ಸೋಪುನೀರಿನಲ್ಲಿ ಹಿಂಡದೆ ಅದುಮಿ ತೊಳೆದು, ಪೂರ್ತಿ ಒಣಗಿಸಿ, ಫಿಲ್ಟರ್ ಆಯಿಲ್ ಹಚ್ಚಿ. ಪೆಟ್ರೋಲಿನಲ್ಲಿ ತೊಳೆದರೆ ಸ್ಪಂಜಿನ ಅಂಟು ಬಿಡುತ್ತದೆ. ಫಿಲ್ಟರ್ ಕೂರುವ ಅಂಚಿಗೆ ತೆಳ್ಳಗೆ ಗ್ರೀಸ್ ಸವರಿ. ಫಿಲ್ಟರಿನ ಆಚೆ, ಕಾರ್ಬ್ಯುರೇಟರ್ ಬಾಯಲ್ಲಿ ಬೆರಳಿಟ್ಟಾಗ ಕೆಂಪು ಅಂಟಿದರೆ ದೂಳು ಒಳಗೆ ಹೋಗಿದೆ, ಪಿಸ್ಟನ್ ಮತ್ತು ರಿಂಗ್ ಪರೀಕ್ಷೆಗೆ ಗಾಡಿ ಕೊಡಲೇಬೇಕು.

ಫಿಲ್ಟರ್ ಚೊಕ್ಕವಿದ್ದರೆ, ಕಡಿಮೆ ಥ್ರಾಟಲಿನಲ್ಲಿ ಪೆಟ್ರೋಲ್ ಬಿಡುವ ಪೈಲಟ್ ಜೆಟ್ ನೋಡಿ. ಅದರ ತೂತು ಬಹಳ ಸಣ್ಣದು. ಬಿಚ್ಚಿ ಬೆಳಕಿಗೆ ಹಿಡಿದರೆ ದುಂಡಗಿನ ಚುಕ್ಕಿ ಸ್ಪಷ್ಟವಾಗಿ ಕಾಣಬೇಕು. ಕಾರ್ಬ್ಯುರೇಟರ್ ಕ್ಲೀನರ್ ಮತ್ತು ಕಂಪ್ರೆಸರ್ ಗಾಳಿ ಸಾಕು, ತಂತಿ ತುರುಕಿದರೆ ತೂತು ದೊಡ್ಡದಾಗಿ ಆ ಜೆಟ್ ಕೆಲಸಕ್ಕೆ ಬಾರದು.

ಜೆಟ್ ಚೊಕ್ಕ ಮಾಡಿದ ಮೇಲೆ ಗಾಳಿಯ ಪ್ರಮಾಣ ಹೊಂದಿಸುವ ಏರ್ ಸ್ಕ್ರೂ. ಮೆಲ್ಲಗೆ ಪೂರ್ತಿ ಒಳಗೆ ಕೂರಿಸಿ, ಒಂದೂವರೆ ಸುತ್ತು ಹೊರಗೆ ತನ್ನಿ. ಎಂಜಿನ್ ಬಿಸಿಯಾದ ಮೇಲೆ ಕಾಲು ಸುತ್ತಿನಂತೆ ಒಳಗೆ, ಹೊರಗೆ ತಿರುಗಿಸುತ್ತ ಐಡ್ಲಿಂಗ್ ಅತಿ ಹೆಚ್ಚು ಏರುವ ಜಾಗ ಹಿಡಿಯಿರಿ. ಬಳಿಕ ಐಡ್ಲಿಂಗ್ ಸ್ಕ್ರೂನಿಂದ ಸದ್ದು ಇಳಿಸಿ. ಎರಡೂವರೆ ಸುತ್ತು ಹೊರಬಂದರೂ ಏರುತ್ತಲೇ ಇದ್ದರೆ ಪೈಲಟ್ ಜೆಟ್ ಒಂದು ನಂಬರ್ ಸಣ್ಣದು ಬೇಕು. ನಮ್ಮ ಬಿಸಿ, ತೇವದ ಗಾಳಿಯಲ್ಲಿ ಆಮ್ಲಜನಕ ಕಡಿಮೆ ಇರುವುದರಿಂದ ಚಳಿ ದೇಶಕ್ಕೆ ಹೊಂದಿಸಿ ಬಂದ ಗಾಡಿಗಳು ಇಲ್ಲಿ ಪೆಟ್ರೋಲ್ ಹೆಚ್ಚು ಕುಡಿಯುವ ಕಡೆಗೇ ವಾಲುತ್ತವೆ.

ಇದಕ್ಕೆ ವಿರುದ್ಧವಾದ ಲಕ್ಷಣವೂ ಇದೆ: ಥ್ರಾಟಲ್ ಬಿಟ್ಟ ಮೇಲೂ ಸದ್ದು ಇಳಿಯದೆ ಹಾಗೇ ನಿಲ್ಲುವುದು. ಕೇಬಲ್ ಸರಿಯಿದ್ದರೆ ಎಲ್ಲಿಂದಲೋ ಗಾಳಿ ಸೋರುತ್ತಿದೆ. ಕಾರ್ಬ್ಯುರೇಟರ್ ಮತ್ತು ಎಂಜಿನ್ ನಡುವಿನ ರಬ್ಬರಿನ ಮೇಲೆ ಸೋಪುನೀರು ಚಿಮುಕಿಸಿ. ಸದ್ದು ಬದಲಾದರೆ ಅಲ್ಲೇ ಬಿರುಕು. ಉರಿಯುವ ಸ್ಪ್ರೇ ಯಾವುದನ್ನೂ ಬಿಸಿ ಎಂಜಿನ್ನಿನ ಮೇಲೆ ಹೊಡೆಯಬೇಡಿ. ರಬ್ಬರ್ ಸರಿಯಿದ್ದೂ ಸದ್ದು ಇಳಿಯದಿದ್ದರೆ ಫ್ಲೈವೀಲ್ ಕಡೆಯ ಕ್ರ್ಯಾಂಕ್ ಸೀಲ್ ಹೋಗಿರುವ ಸಂಭವ. ಕ್ಲಚ್ ಕಡೆಯ ಸೀಲ್ ಹೋದರೆ ಲಕ್ಷಣ ಬೇರೆ: ಬಿಳಿ ಹೊಗೆ ದಟ್ಟವಾಗಿ ಬರುತ್ತದೆ, ಸುಟ್ಟ ಎಣ್ಣೆಯ ವಾಸನೆ, ಗೇರ್ ಆಯಿಲ್ ತಾನಾಗಿ ಕಡಿಮೆಯಾಗುತ್ತ ಹೋಗುತ್ತದೆ. ಎರಡರಲ್ಲೂ ಅಲ್ಲೇ ಓಡಿಸುವುದು ನಿಲ್ಲಿಸಿ. ಮುಂದಿನದ್ದು ಎಂಜಿನ್ ಕೆಲಸ ಬಲ್ಲವರದ್ದು.

ಕ್ಲಚ್ ಒತ್ತಿದರೂ ಗಾಡಿ ಮುಂದೆ ಎಳೆಯುತ್ತದೆ, ಇಲ್ಲವೇ ಜಾರುತ್ತದೆ

ಬೆಳಗ್ಗೆ ಮೊದಲ ಸಲ ಗೇರ್ ಹಾಕಿದಾಗ ಎಗರಿ ಎಂಜಿನ್ ಆಫ್ ಆದರೆ ಅದು ದೋಷವಲ್ಲ. ರಾತ್ರಿ ಪ್ಲೇಟುಗಳು ಎಣ್ಣೆಯಲ್ಲಿ ಅಂಟಿಕೊಂಡಿರುತ್ತವೆ. ಎಂಜಿನ್ ಆಫ್ ಇರುವಾಗಲೇ ಮೂರನೇ ಗೇರಿನಲ್ಲಿಟ್ಟು, ಕ್ಲಚ್ ಒತ್ತಿ, ಗಾಡಿಯನ್ನು ಹಿಂದೆ ಮುಂದೆ ತಳ್ಳಿ ಬಿಡಿಸಿ. ಬಿಸಿಯಾದ ಮೇಲೂ ಎಳೆಯುತ್ತಿದ್ದರೆ ಮಾತ್ರ ಹುಡುಕಾಟ.

ಲಿವರಿನ ತುದಿ ಒಂದರಿಂದ ಮೂರು ಮಿ.ಮೀ. ಸಡಿಲವಾಗಿ ಆಡಬೇಕು. ಸಡಿಲ ಅತಿಯಾದರೆ ಕ್ಲಚ್ ಪೂರ್ತಿ ಬಿಡುವುದಿಲ್ಲ. ಸಡಿಲವೇ ಇಲ್ಲದಿದ್ದರೆ ಲಿವರ್ ಬುಡದ, ದ್ರವ ತಳ್ಳುವ ಮಾಸ್ಟರ್ ಸಿಲಿಂಡರಿನ ಒಳಗಿನ ಸಣ್ಣ ತೂತು ಮುಚ್ಚಿ, ಬಿಸಿಗೆ ಹಿಗ್ಗಿದ ದ್ರವಕ್ಕೆ ಹಿಂದೆ ಹೋಗಲು ದಾರಿಯಿಲ್ಲದೆ ಕ್ಲಚ್ ತಾನಾಗಿ ಒತ್ತಿಕೊಂಡು ಜಾರುತ್ತದೆ. ಮಧ್ಯಾಹ್ನದ ಹೊತ್ತಿಗೆ ಮಾತ್ರ ಜಾರುವ ಕ್ಲಚ್ಚಿಗೆ ಮೊದಲು ಇದನ್ನು ನೋಡಿ. ಲಿವರ್ ಸ್ಪಂಜಿನಂತೆ ಮೆತ್ತಗಿದ್ದರೆ ಗಾಳಿ ಸೇರಿದೆ. ಸಿರಿಂಜಿನಲ್ಲಿ ಕೆಳಗಿನ ನಿಪ್ಪಲಿನಿಂದ ಮೇಲಕ್ಕೆ ದ್ರವ ತಳ್ಳಿದರೆ ಗುಳ್ಳೆ ಬೇಗ ಹೊರಬರುತ್ತದೆ.

ಇಲ್ಲಿ ಒಂದು ತಪ್ಪು ದುಬಾರಿಯಾಗುತ್ತದೆ. ಕೆಲವು ಕ್ಲಚ್‌ಗಳಿಗೆ ಮಿನರಲ್ ಆಯಿಲ್, ಕೆಲವಕ್ಕೆ ಡಾಟ್ 4 ಬ್ರೇಕ್ ಆಯಿಲ್. ಒಂದರ ಜಾಗಕ್ಕೆ ಇನ್ನೊಂದನ್ನು ಹಾಕಿದರೆ ರಬ್ಬರ್ ಸೀಲ್ ಉಬ್ಬಿ ಹಾಳಾಗುತ್ತದೆ. ಮುಚ್ಚಳದ ಮೇಲೆ ಬರೆದದ್ದನ್ನು ಓದದೆ ಬಾಟಲಿ ತೆರೆಯಬೇಡಿ.

ಆಮೇಲೆ ಗೇರ್ ಆಯಿಲ್. ಟ್ರಯಲ್ಸ್ ಕ್ಲಚ್ಚಿಗೆ ತೆಳುವಾದ, ಒದ್ದೆ ಕ್ಲಚ್ಚಿಗೆಂದೇ ಇರುವ ಆಯಿಲ್ ಬೇಕು. ಕಾರಿನ ಎಂಜಿನ್ ಆಯಿಲಿನ ಜಾರಿಸುವ ಗುಣ ಇಲ್ಲಿ ಶತ್ರು. ತೆಗೆದ ಆಯಿಲ್ ಹಾಲು ಹಾಕಿದ ಚಹಾದ ಬಣ್ಣದಲ್ಲಿದ್ದರೆ ನೀರು ಸೇರಿದೆ. ರೇಡಿಯೇಟರ್ ಮಟ್ಟ ಇಳಿದಿದೆಯೇ ನೋಡಿ: ಇಳಿದಿದ್ದರೆ ವಾಟರ್ ಪಂಪಿನ ಸೀಲ್ ಹೋಗಿದೆ, ಇಳಿಯದಿದ್ದರೆ ತೋಡಿನ ನೀರು ಗಾಳಿ ಪೈಪಿನಿಂದ ಒಳಬಂದಿದೆ. ಎರಡನೆಯದಕ್ಕೆ ಎರಡು ಸಲ ಆಯಿಲ್ ಬದಲಿಸಿ, ಪೈಪಿನ ಬಾಯಿ ಮೇಲಕ್ಕೆ ಕಟ್ಟಿದರೆ ಸಾಕು. ಇಷ್ಟರಲ್ಲೂ ಸರಿಹೋಗದಿದ್ದರೆ ಪ್ಲೇಟುಗಳ ದಪ್ಪವನ್ನೂ ಅವು ಕೂರುವ ಬಾಸ್ಕೆಟ್ಟಿನ ಕಚ್ಚುಗಳನ್ನೂ ಅಳೆಯಬೇಕು. ವರ್ನಿಯರ್ ಇಲ್ಲದೆ ಕ್ಲಚ್ ಕವರ್ ತೆಗೆಯಬೇಡಿ.

ಎಂಜಿನ್ ಕುದಿಯುತ್ತದೆ, ಫ್ಯಾನ್ ತಿರುಗುವುದಿಲ್ಲ

ಬಿಸಿ ರೇಡಿಯೇಟರಿನ ಮುಚ್ಚಳ ತೆರೆಯಬೇಡಿ, ಹಬೆ ಮುಖಕ್ಕೆ ಹಾರುತ್ತದೆ. ಅರ್ಧ ಗಂಟೆ ಬಿಟ್ಟು ಮಟ್ಟ ನೋಡಿ. ಕಡಿಮೆಯಿದ್ದರೆ ಡಿಸ್ಟಿಲ್ಡ್ ನೀರು ಮತ್ತು ಕೂಲೆಂಟ್ ಸಮಸಮ. ಕಡಲಬದಿಯ ಬಾವಿನೀರು ಹಾಕಿದರೆ ಉಪ್ಪಿನಂಶ ಅಲ್ಯೂಮಿನಿಯಮ್ಮನ್ನು ಒಳಗಿಂದ ತಿನ್ನುತ್ತದೆ. ಚೆಲ್ಲಿದ ಕೂಲೆಂಟನ್ನು ತಕ್ಷಣ ತೊಳೆಯಿರಿ. ನಾಯಿ ಬೆಕ್ಕು ಅದನ್ನು ನೆಕ್ಕಿ ಸಾಯುತ್ತವೆ.

ರೇಡಿಯೇಟರ್ ಎಲೆಗಳ ನಡುವೆ ಕೆಂಪು ಮಣ್ಣು ಗಾರೆಯಂತೆ ಒಣಗಿರುತ್ತದೆ. ನೆನೆಸಿ, ಹಿಂದಿನಿಂದ ಮುಂದಕ್ಕೆ ಮೆಲ್ಲಗೆ ನೀರು ಬಿಡಿ. ಸರ್ವಿಸ್ ಸ್ಟೇಷನ್ನಿನ ಪ್ರೆಷರ್ ಪೈಪು ಎಲೆಗಳನ್ನು ಮಡಚುತ್ತದೆ. ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ತಿರುಗಿಸಿ (ಎಂಜಿನ್ ಆಫ್ ಮಾಡಿ, ತಣಿದ ಮೇಲೆ), ಹಗುರವಾಗಿ ತಿರುಗಬೇಕು. ತಿರುಗಿದರೆ ಎಂಜಿನ್ ಓಡಿಸಿ, ಥರ್ಮೋ ಸ್ವಿಚ್ಚಿನ ಎರಡು ತಂತಿಗಳನ್ನು ಒಂದಕ್ಕೊಂದು ಜೋಡಿಸಿ. ಫ್ಯಾನ್ ಓಡಿದರೆ ಸ್ವಿಚ್ ಹಾಳಾಗಿದೆ. ಓಡದಿದ್ದರೆ ಕನೆಕ್ಟರಿನ ಹಸಿರು ತುಕ್ಕು, ಅರ್ತ್ ತಂತಿ, ರೆಗ್ಯುಲೇಟರ್ ಈ ಕ್ರಮದಲ್ಲಿ ನೋಡಿ. ಎಂಜಿನ್ ತಣ್ಣಗಿರುವಾಗ ಮುಚ್ಚಳ ತೆರೆದು ಸ್ಟಾರ್ಟ್ ಮಾಡಿದರೆ ಗುಳ್ಳೆಗಳು ಎಡೆಬಿಡದೆ ಬರುತ್ತವೆಯೇ? ಹೆಡ್ಡಿನ ಓರಿಂಗ್ ಹೋಗಿದೆ, ಗಾಡಿ ನಿಲ್ಲಿಸಿ.

ಹಿಂದೆ "ಟಕ್" ಎನ್ನುತ್ತದೆ, ಹಾರಿ ಇಳಿದಾಗ ಗಟ್ಟಿಯಾಗಿ ಬಡಿಯುತ್ತದೆ

ಕರಾವಳಿಯ ಸೆಕೆಂಡ್ ಹ್ಯಾಂಡ್ ಗಾಡಿಗಳಲ್ಲಿ ಜನ ಮುಟ್ಟದೆ ಬಿಡುವ ಜಾಗ ಇದು. ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮಿನ ಕೆಳಗೆ ಶಾಕಿಗೆ ಜೋಡಿಸುವ ಲಿಂಕೇಜ್ ಇದೆ. ಚಕ್ರ ಎಸೆಯುವ ನೀರು, ಮಣ್ಣು ಎಲ್ಲ ಬೀಳುವುದು ಅದರ ಮೇಲೆಯೇ.

ಗಾಡಿಯನ್ನು ಕಲ್ಲಿನ ಮೇಲೋ ಪೆಟ್ಟಿಗೆಯ ಮೇಲೋ ಇಟ್ಟು ಹಿಂದಿನ ಚಕ್ರ ನೆಲ ಬಿಡುವಂತೆ ಮಾಡಿ. ಚಕ್ರವನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಮೇಲೆತ್ತಿ. ಶಾಕ್ ಒತ್ತುವ ಮೊದಲೇ ಅದು ಸ್ವಲ್ಪ ಸಡಿಲವಾಗಿ ಆಡಿ "ಟಕ್" ಎಂದರೆ ಬೇರಿಂಗ್ ಸವೆದಿದೆ. ಆಟವೇ ಇಲ್ಲದೆ ಗಟ್ಟಿಯಾಗಿ ಬಡಿಯುತ್ತಿದ್ದರೆ ತುಕ್ಕು ಹಿಡಿದು ಬಿಗಿದಿರಬಹುದು. ಶಾಕಿನ ಕೆಳಗಿನ ಬೋಲ್ಟ್ ತೆಗೆದು ಲಿಂಕೇಜನ್ನು ಕೈಯಲ್ಲಿ ಆಡಿಸಿ ನೋಡಿ, ಒಂದು ಬೆರಳಿಗೆ ಆಡಬೇಕು.

ಬಿಚ್ಚಿದಾಗ ಕಾಣುವುದು ಹೀಗೆ: ಬುಷ್ ಹೊರಬಂದೊಡನೆ ಗ್ರೀಸಿನ ಬದಲು ಇಟ್ಟಿಗೆ ಬಣ್ಣದ ಪೇಸ್ಟ್, ಅದರೊಳಗೆ ಸೂಜಿಯಂಥ ರೋಲರುಗಳು. ಕೆಲವು ರೋಲರಿನ ಮೇಲೆ ಕಪ್ಪು ಗೆರೆ, ಬುಷ್ಷಿನ ಮೇಲೂ ಅದೇ ಅಂತರದಲ್ಲಿ ಗೆರೆಗಳು. ಉಗುರು ಎಳೆದಾಗ ಆ ಗೆರೆ ಸಿಕ್ಕಿದರೆ ಬುಷ್ಷೂ ಬೇರಿಂಗೂ ಎರಡೂ ಹೊಸದು ಹಾಕಿ, ಒಂದನ್ನೇ ಬದಲಿಸಿದರೆ ಹಳೆಯದು ಹೊಸದನ್ನು ತಿನ್ನುತ್ತದೆ. ಗೆರೆ ಉಗುರಿಗೆ ಸಿಗದಿದ್ದರೆ ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ನೀರು ತಾಳುವ ಗ್ರೀಸ್ ತುಂಬಿ. ಕೆಲವು ಬೇರಿಂಗುಗಳಲ್ಲಿ ರೋಲರುಗಳು ಬಿಡಿಬಿಡಿಯಾಗಿರುತ್ತವೆ, ಆದ್ದರಿಂದ ಬಿಚ್ಚುವಾಗ ಕೆಳಗೆ ಬಿಳಿ ಬಟ್ಟೆ ಹಾಸಿ, ಎಣಿಸಿಡಿ. ಮಲ್ಪೆ ಅಥವಾ ಮಂಗಳೂರು ದಕ್ಕೆಯ ಬಳಿ ಬೋಟಿನ ಸಾಮಾನು ಮಾರುವ ಅಂಗಡಿಗಳಲ್ಲಿ ಸಮುದ್ರದ ನೀರಿಗೆ ತಾಳುವ ಗ್ರೀಸ್ ಕೇಳಿ. ಮೇ ಕೊನೆಗೊಮ್ಮೆ, ಅಕ್ಟೋಬರಿನಲ್ಲೊಮ್ಮೆ ಈ ಕೆಲಸ ಮಾಡಿದರೆ ಬೇರಿಂಗ್ ಬಾಳುತ್ತದೆ.

ಶಾಕಿನ ದಂಡದ ಸುತ್ತ ಎಣ್ಣೆ ಕಂಡರೆ ಅದನ್ನು ಊರಿನ ಗ್ಯಾರೇಜಿನಲ್ಲಿ ಬಿಚ್ಚಿಸಬೇಡಿ. ಒಳಗೆ ನೈಟ್ರೋಜನ್ ಒತ್ತಡ ಇರುವ ಶಾಕನ್ನು ಒತ್ತಡ ಇಳಿಸದೆ ತೆರೆಯುವುದು ಜೀವಕ್ಕೇ ಅಪಾಯ. ಮುಂದಿನ ಫೋರ್ಕಿನಲ್ಲಿ ಎಣ್ಣೆ ಜಿನುಗಿದರೆ ಮಾತ್ರ ಒಂದು ಅಗ್ಗದ ಉಪಾಯವಿದೆ. ದೂಳಿನ ಸೀಲನ್ನು ಅದರ ಜಾಗದಿಂದ ಬಿಡಿಸಿ ಸರಿಸಿ, ಹಳೆಯ ಎಕ್ಸ್-ರೇ ಫಿಲ್ಮಿನ ತುಂಡನ್ನು ಎಣ್ಣೆ ಸೀಲಿಗೂ ಕೊಳವೆಗೂ ನಡುವೆ ಜಾರಿಸಿ ಒಂದು ಸುತ್ತು ತಿರುಗಿಸಿ. ಸಿಕ್ಕಿಕೊಂಡ ಮಣ್ಣಿನ ಕಣ ಹೊರಬಂದು ಎಷ್ಟೋ ಸಲ ಸೋರಿಕೆ ನಿಲ್ಲುತ್ತದೆ.

ಬ್ರೇಕ್ ಕಿರುಚುತ್ತದೆ, ಹಿಡಿಯುವುದಿಲ್ಲ

ಮುಂದಿನ ಬ್ರೇಕ್ ಒಂದೇ ಬೆರಳಿಗೆ ಹಿಡಿಯಬೇಕು. ಹಿಡಿಯದಿದ್ದರೆ ಡಿಸ್ಕನ್ನು ಬ್ರೇಕ್ ಕ್ಲೀನರಿನಲ್ಲಿ ಒರೆಸಿ, ಪ್ಯಾಡುಗಳನ್ನು ಸಮತಟ್ಟಾದ ಗಾಜಿನ ಮೇಲಿಟ್ಟ 120ರ ಉಪ್ಪುಕಾಗದದಲ್ಲಿ ಉಜ್ಜಿ ಮಿರುಗು ತೆಗೆಯಿರಿ. ಚೈನ್ ಸ್ಪ್ರೇ ಅಥವಾ ಫೋರ್ಕಿನ ಎಣ್ಣೆ ಹೀರಿದ ಪ್ಯಾಡ್ ಉಜ್ಜಿದರೂ ಸರಿಯಾಗದು, ಬದಲಿಸಿ. ಹೊಸ ಪ್ಯಾಡಿಗೆ ಜಾಗ ಮಾಡಲು ಪಿಸ್ಟನ್ ಒಳಗೆ ತಳ್ಳುವ ಮೊದಲು ಅದರ ಹೊರಮೈಯನ್ನು ಸೋಪುನೀರಲ್ಲಿ ತೊಳೆಯಲೇಬೇಕು. ಅಂಟಿದ ಮಣ್ಣಿನ ಸಮೇತ ತಳ್ಳಿದರೆ ಸೀಲ್ ಗೀಚಿಕೊಳ್ಳುತ್ತದೆ.

ಹಿಂದಿನ ಚಕ್ರ ಬಿಸಿಯಾದ ಮೇಲೆ ತಾನಾಗಿ ಹಿಡಿದುಕೊಂಡರೆ ಪೆಡಲಿಗೆ ಸಡಿಲವಿಲ್ಲ, ಅಥವಾ ಪ್ಯಾಡಿನ ಪಿನ್ ತುಕ್ಕು ಹಿಡಿದಿದೆ. ಡಾಟ್ 4 ಗಾಳಿಯ ತೇವ ಹೀರುವುದರಿಂದ ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಬದಲಿಸಿ. ಪೈಪು ಜಿನುಗುತ್ತಿದ್ದರೆ, ಡಿಸ್ಕಿನ ದಪ್ಪ ಅದರ ಮೇಲೆ ಕೊರೆದ ಮಿತಿಗಿಂತ ಇಳಿದಿದ್ದರೆ ಆ ದಿನದ ಸವಾರಿ ಬಿಡಿ.

ಏನೂ ಕೆಟ್ಟಿಲ್ಲ, ಆದರೂ ಗಾಡಿ ಮಾತು ಕೇಳುವುದಿಲ್ಲ

ಮುಂಗೈ ಬೇಗ ಸೋಲುತ್ತದೆ, ಬಿಗಿ ತಿರುವಿನಲ್ಲಿ ಮುಂದಿನ ಚಕ್ರ ಹೊರಗೆ ಹೋಗುತ್ತದೆ ಎಂದರೆ ಸೆಟ್ಟಿಂಗ್ ನೋಡಿ. ಪಕ್ಕದಿಂದ ನೋಡಿದಾಗ ಹ್ಯಾಂಡಲ್ ಬಾರಿನ ಎತ್ತರಿಸಿದ ಭಾಗ ಫೋರ್ಕಿನ ಸಾಲಿಗೆ ಸಮವಿರಲಿ. ಲಿವರುಗಳನ್ನು ಬಾರಿನ ತುದಿಯಿಂದ ಒಳಕ್ಕೆ ಸರಿಸಿ, ತೋರುಬೆರಳು ಲಿವರಿನ ತುದಿಯ ಕೊಕ್ಕೆಗೆ ಬೀಳುವಂತೆ ಇಡಿ. ಲಿವರಿನ ಬಿಗಿ ಹಿಡಿಕೆಯನ್ನು ಕೈಯಲ್ಲಿ ಬಲವಾಗಿ ತಿರುಗಿಸಿದರೆ ತಿರುಗುವಷ್ಟೇ ಕಟ್ಟಿ. ಬಿದ್ದಾಗ ಅದು ತಿರುಗಿ ಲಿವರ್ ಉಳಿಯುತ್ತದೆ.

ಫುಟ್‌ರೆಸ್ಟ್ ಮೇಲೆ ನಿಂತು ಒಮ್ಮೆ ಕೆಳಗೆ ಒತ್ತಿ. ಮುಂದೆ ಹಿಂದೆ ಎರಡೂ ಒಟ್ಟಿಗೆ ಇಳಿದು ಒಟ್ಟಿಗೆ ಏಳಬೇಕು. ಹಿಂದಿನದು ಮಾತ್ರ ಬೇಗ ಎದ್ದರೆ ಕಲ್ಲಿನ ತುದಿಯಲ್ಲಿ ನಿಮ್ಮನ್ನು ಮುಂದಕ್ಕೆ ಎಸೆಯುತ್ತದೆ. ಶಾಕ್ ಏಳುವ ವೇಗ ಹೊಂದಿಸುವ ರಿಬೌಂಡ್ ಸ್ಕ್ರೂವನ್ನು ಎರಡೆರಡು ಕ್ಲಿಕ್ ನಿಧಾನದ ಕಡೆಗೆ ತಿರುಗಿಸಿ. ಸವಾರ ನಿಂತಾಗ ಹಿಂದಿನ ಸಸ್ಪೆನ್ಷನ್ ತನ್ನ ಒಟ್ಟು ಚಲನೆಯ ಮೂರನೇ ಒಂದರಷ್ಟು ಇಳಿಯಬೇಕು. ಯುರೋಪಿನ 75 ಕಿಲೋ ಸವಾರನಿಗೆ ಹೊಂದಿಸಿದ ಸ್ಪ್ರಿಂಗ್ 55 ಕಿಲೋದ ಹುಡುಗನಿಗೆ ಗಟ್ಟಿಯಾಗುತ್ತದೆ, ಪ್ರಿಲೋಡ್ (ಸ್ಪ್ರಿಂಗಿಗೆ ಮೊದಲೇ ಕೊಟ್ಟ ಬಿಗಿ) ಪೂರ್ತಿ ಬಿಟ್ಟರೂ ಇಳಿಯದಿದ್ದರೆ ಸ್ಪ್ರಿಂಗೇ ಬದಲಾಗಬೇಕು. ಮುಂದಿನ ಚಕ್ರ ಎತ್ತಿ ಹ್ಯಾಂಡಲನ್ನು ಮೆಲ್ಲಗೆ ತಿರುಗಿಸುವಾಗ ನಟ್ಟ ನಡುವೆ ಒಂದು ಕಚ್ಚು ಸಿಕ್ಕಿದರೆ ಹ್ಯಾಂಡಲ್ ತಿರುಗುವ ಹೆಡ್ ಬೇರಿಂಗ್ ಸವೆದಿದೆ.

ಕೊಳ್ಳುವ ಮೊದಲೇ ದೋಷ ಕಾಣಬೇಕು

ಹೊಸಬರಿಗೆ 125 ಸಿಸಿ ಅಥವಾ ಮೃದುವಾಗಿ ಹೊಂದಿಸಿದ 250 ಸಾಕು. 300ರ ಎಳೆತ ಕಲಿಯುವವನ ಕೈಯಲ್ಲಿ ನಿಲ್ಲುವುದಿಲ್ಲ. 150 ಕಿಲೋ ಮೀರಿದ ರಸ್ತೆ ಅಡ್ವೆಂಚರ್ ಬೈಕಿನಲ್ಲಿ ಸಮತೋಲ ಕಲಿಯಬಹುದು, ಕಲ್ಲು ಹತ್ತುವುದು ಕಲಿಯಲಾಗದು. ರಿಜಿಸ್ಟ್ರೇಷನ್ ಇಲ್ಲದ ಟ್ರಯಲ್ಸ್ ಗಾಡಿಯನ್ನು ಪಿಕಪ್ಪಿನಲ್ಲೇ ಒಯ್ಯಬೇಕು, ಖಾಸಗಿ ಜಾಗದಲ್ಲಿ, ಮಾಲೀಕರ ಒಪ್ಪಿಗೆ ಪಡೆದು ಓಡಿಸಬೇಕು.

ನೋಡಲು ಹೋಗುವ ಮೊದಲೇ ಫೋನ್ ಮಾಡಿ "ಎಂಜಿನ್ ತಣ್ಣಗೇ ಇರಲಿ, ನಾವು ಬಂದ ಮೇಲೆ ಸ್ಟಾರ್ಟ್ ಮಾಡುತ್ತೇವೆ" ಎಂದು ಹೇಳಿ. ಹೋದಾಗ ಎಂಜಿನ್ ಬೆಚ್ಚಗಿದ್ದರೆ ಸ್ಟಾರ್ಟಿಂಗ್ ತೊಂದರೆ ಇರಬಹುದು ಎಂದು ಲೆಕ್ಕ ಹಾಕಿ. ಲಿಂಕೇಜ್ ಎತ್ತಿ ನೋಡಿ, ಹಿಂದಿನ ರಿಮ್ ತಿರುಗಿಸಿ ತಗ್ಗು ಹುಡುಕಿ, ಎಂಜಿನ್ ಕೆಳಗಿನ ತಗಡು ಒಳಬಾಗಿ ಎಂಜಿನ್ನಿಗೆ ತಾಗಿದೆಯೇ ನೋಡಿ, ಸ್ವಿಂಗ್ ಆರ್ಮಿನ ವೆಲ್ಡಿಂಗ್ ಬಳಿ ಕೂದಲಿನಂಥ ಬಿರುಕನ್ನು ಟಾರ್ಚ್ ಹಿಡಿದು ಹುಡುಕಿ. ಕ್ಲಚ್ ಕವರ್, ವಾಟರ್ ಪಂಪ್ ಕವರ್ ಮೆಗ್ನೀಸಿಯಮ್ಮಿನದ್ದಾಗಿದ್ದರೆ ಪೇಂಟಿನ ಕೆಳಗೆ ಬಿಳಿ ಪುಡಿಯ ಗುಳ್ಳೆಗಳಿರುತ್ತವೆ. ಉಗುರಿನಲ್ಲಿ ಒತ್ತಿ, ಒಳಗೆ ಕುಸಿದರೆ ಆ ಕವರ್ ಬದಲಿಸುವ ಖರ್ಚನ್ನು ಬೆಲೆಯಿಂದ ಕಳೆಯಿರಿ. ಸಮುದ್ರದ ದಂಡೆಯಲ್ಲಿ ಓಡಿಸಿ ಸಿಹಿನೀರಿನಲ್ಲಿ ತೊಳೆಯದ ಗಾಡಿ ಹೀಗೆಯೇ ಇರುತ್ತದೆ. ಕೊನೆಗೆ ಆಮದಿನ ಕಸ್ಟಮ್ಸ್ ಕಾಗದದ ಚಾಸಿ ನಂಬರನ್ನು ಹ್ಯಾಂಡಲಿನ ಕೆಳಗೆ ಕೊರೆದ ನಂಬರಿಗೆ ಒಂದೊಂದೇ ಅಕ್ಷರ ಹೋಲಿಸಿ ನೋಡಿ. ಒಂದು ಅಕ್ಷರ ತಪ್ಪಿದರೂ ಮುಂಗಡ ಕೊಡಬೇಡಿ.